ಮೂತಿಯೊಳಗಿನ ಸೀಸ

"ಏನು ಬೇಕಾದ್ರೂ ಮಾಡ್ಕೊಳಪ್ಪ, ಆ ಮೂತಿ ಮಾತ್ರ ಬಿಚ್ಚಬೇಡ," ಎಂದರು ನಾರಾಯಣಮ್ಮ.

ಬಸವಂತ ನಕ್ಕ. ಯಾರು ಏನು ಹೇಳಿದರೂ ಮೊದಲು ನಕ್ಕುಬಿಡುವ ಜಾಯಮಾನ ಅವನದು. ಬಾದಾಮಿ ಕಡೆಯವನು, ಬೆಂಗಳೂರಿನ ಬಿಟಿಎಮ್ಮಿನಲ್ಲಿ ಆಫೀಸು. ಬಿಳೇಕಹಳ್ಳಿಯಲ್ಲಿ ಈ ಮುದುಕಿಯ ಹಳೇ ಮನೆಯ ಹೊರಕೋಣೆಗೆ ಬಾಡಿಗೆಗೆ ಬಂದು ಇನ್ನೂ ಗಂಟುಮೂಟೆ ಬಿಚ್ಚಿರಲಿಲ್ಲ, ಆಗಲೇ ಷೋಕೇಸಿನಲ್ಲಿದ್ದ ಪ್ಲಾಸ್ಟಿಕ್ ವಿಮಾನದ ಮೇಲೆ ಕಣ್ಣು ಬಿದ್ದಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಹಾರಿದ ನ್ಯಾಟ್ ಯುದ್ಧವಿಮಾನದ ಪುಟ್ಟ ಮಾದರಿ. ಬಿಡಿಭಾಗ ಅಂಟಿಸಿ ಜೋಡಿಸುವ ಹಳೇ ಕಿಟ್ಟು. ಸಾಸಿವೆ ಕಾಳಿನಂಥ ರಿವೆಟ್ಟುಗಳು, ಉಗುರು ತೂರುವಷ್ಟು ಸಂದು, ಹಳದಿಗಟ್ಟಿದ ಗಾಜು. ಇಂಥವನ್ನು ಉಜ್ಜಿ, ಮೆತ್ತಿ, ಬಣ್ಣ ಹೊಡೆದು ನಿಜದ ವಿಮಾನದ ಹಾಗೆ ಮಾಡುವ ಹುಚ್ಚು ಅವನಿಗೆ.

ನಾರಾಯಣಮ್ಮ ಬಚ್ಚಿಡದೆ ಎಲ್ಲ ಹೇಳಿದರು. ವಿಮಾನ ಅವರ ಒಬ್ಬನೇ ಮಗ ದೀಪಕ್‌ನದು. ಪಿಯುಸಿ ಮುಗಿಸಿದವನೇ ಏರ್‌ಫೋರ್ಸಿಗೆ ಹೋಗ್ತೀನಿ ಅಂತ ಹಟ ಹಿಡಿದ. ಹೆತ್ತ ಹೊಟ್ಟೆ ಕೇಳುತ್ತಾ? ಹೊಸೂರು ಕಡೆಯ ಮಂತ್ರವಾದಿಯೊಬ್ಬನ ಕಾಲು ಹಿಡಿದು, ಮಗ ಮನೆ ಬಿಟ್ಟು ಹೋಗದಂತೆ ಕಟ್ಟು ಹಾಕಿಸಿದರು. ಸುರುಳಿ ಸುತ್ತಿದ ಸೀಸದ ತಗಡು. ಎಲ್ಲಿಡೋದಪ್ಪಾ ಎಂದು ಒದ್ದಾಡುತ್ತಿದ್ದಾಗ ಮಗನೇ ಅಡುಗೆಮನೆಗೆ ಬಂದ. ವಿಮಾನ ಬಾಲ ಊರಿಕೊಂಡು ಕೂರ್ತಿದೆ, ಮೂತಿಯೊಳಗೆ ಇಡೋಕೆ ಭಾರವಾದ್ದೇನಾದ್ರೂ ಕೊಡಮ್ಮ ಅಂದ. ಕೊಟ್ಟರು. ಅವನೇ ಕೈಯಾರೆ ಒಳಗಿಟ್ಟು ಅಂಟು ಹಾಕಿ ಮುಚ್ಚಿದ. ಅವತ್ತಿಂದ ದೀಪಕ್ ಗೇಟು ದಾಟಿಲ್ಲ. ಅಪ್ಪನ ಹೆಣ ಹೊರಟಾಗಲೂ ಕಂಬಿ ಹಿಡಿದುಕೊಂಡು ಒಳಗೇ ನಿಂತಿದ್ದ. ಈಗ ತಲೆ ನರೆತಿದೆ, ಮಹಡಿಯ ಮೇಲೆ ಶತಪಥ ತಿರುಗುತ್ತಾನೆ.

"ಕಟ್ಟಿಸಿದ ನನ್ನ ಕೈಗೆ ಅದು ಬಿಚ್ಚಲ್ಲ, ಅವನ ಕೈಗೂ ಬಿಚ್ಚಲ್ಲ. ಬೇರೆಯವರು ಬಿಚ್ಚಿದ್ರೆ ಇವನನ್ನ ಬಿಟ್ಟು ಅವರನ್ನ ಹಿಡಿಯುತ್ತೆ. ನೀನೂ ಒಬ್ಬ ತಾಯಿಯ ಮಗ ಕಣಪ್ಪ."

ಪಾಪ, ಇವರಿಗೆ ಬೇಕಾಗಿರೋದು ಒಳ್ಳೇ ಡಾಕ್ಟರು ಅಂದುಕೊಂಡ ಬಸವಂತ. ವಿಮಾನ ತನ್ನ ಮೇಜಿಗೆ ತಂದ.

ತಾಯಿ ಅಂದರೆ, ಊರಲ್ಲಿ ಅವನ ಅವ್ವ ಮುರಿಗೆವ್ವ ಹಾಸಿಗೆ ಹಿಡಿದಿದ್ದಳು. ಕಣ್ಣು ಪೂರಾ ಹೋಗಿದ್ದವು. ಮಗ ಬಂದು ಒಂದು ಸಲ ಕೈ ಹಿಡಿದರೆ ಸಾಕು ಅನ್ನುತ್ತಿದ್ದಳಂತೆ. ಪಕ್ಕದ ಮನೆಯ ಶಿವವ್ವ ಫೋನು ಮಾಡಿದಾಗಲೆಲ್ಲ ಇವನು, ಬರ್ತೀನಿ, ಕೈಯಾಗ ಒಂದ್ ಕೆಲಸ ಐತಿ, ಮುಗಿಸಿ ಬರ್ತೀನಿ ಅನ್ನುತ್ತಿದ್ದ. ಆ ಕೆಲಸ ಈ ವಿಮಾನವೇ. ಅವನನ್ನು ಕೆಟ್ಟವನು ಅನ್ನೋಕಾಗಲ್ಲ. ಅವ್ವ ಎಲ್ಲಿಗೆ ಹೋಗ್ತಾಳೆ ಅನ್ನೋ ಧೈರ್ಯ, ಅಷ್ಟೇ.

ರಿವೆಟ್ಟು ಉಜ್ಜಿದ. ಸಂದಿಗೆ ಪುಟ್ಟಿ ಮೆತ್ತಿದ. ಪೈಲಟ್ ಕೂರುವ ಜಾಗ ಬರೀ ಬೋಳು. ಅಲ್ಲಿಗೆ ಸೀಟು, ಬೆಲ್ಟು, ಮೀಟರುಗಳನ್ನು ಕೂರಿಸಬೇಕೆಂದರೆ ಒಡಲನ್ನು ಎರಡು ಹೋಳು ಮಾಡಲೇಬೇಕು. ಒಂದು ಸಂಜೆ, ಕರೆಂಟು ಹೋಗಿದ್ದಾಗ, ಮೊಬೈಲ್ ಬೆಳಕಿನಲ್ಲಿ ಮೂತಿಯ ಸಂದಿಗೆ ಬ್ಲೇಡು ಇಟ್ಟ. ಅದು ಕಾದಿದ್ದ ಹಾಗೆ ಬಾಯಿ ಬಿಟ್ಟಿತು.

ಮೊದಲು ವಾಸನೆ ಬಂತು. ಸುಟ್ಟ ಕೂದಲು, ಕೊಳೆತ ನಿಂಬೆಹಣ್ಣು, ಒದ್ದೆ ಬೂದಿ. ಕಪ್ಪು ದಾರ ಸುತ್ತಿದ ತಗಡು ಅಂಗೈಗೆ ಬಿತ್ತು. ಇಷ್ಟೂ ವರ್ಷ ಮುಚ್ಚಿದ್ದ ಸೀಸ ಮೈಯಷ್ಟೇ ಬೆಚ್ಚಗಿತ್ತು. ಮೇಲೆ ಶತಪಥದ ಸದ್ದು ನಿಂತಿತು. ಮೆಟ್ಟಿಲ ಮೇಲೆ ಹೆಜ್ಜೆ. ಗೇಟು ಕಿರ್ ಅಂತು. ಕಿಟಕಿಯಿಂದ ನೋಡಿದರೆ ದೀಪಕ್ ನಡುರಸ್ತೆಯಲ್ಲಿ ಬರಿಗಾಲಲ್ಲಿ ನಿಂತು, ತನ್ನ ಕಾಲನ್ನೇ ನೋಡಿಕೊಂಡು ಅಳುತ್ತಿದ್ದ. ನಾರಾಯಣಮ್ಮ ಮಗನ ಕಡೆ ಓಡಲಿಲ್ಲ. ಬಸವಂತನ ಬಾಗಿಲಿಗೆ ಬಂದು, ತೆರೆದ ವಿಮಾನ ನೋಡಿ, ಹೊಸ್ತಿಲ ಮೇಲೆ ಕುಸಿದು ಕೂತರು.

ಬೆಳಗಾಗುವ ಹೊತ್ತಿಗೆ ಶಿವವ್ವನ ಫೋನು. ಅವ್ವನ ಉಸಿರು ಮೇಲಾಗೈತಿ, ಈಗಿಂದೀಗ ಹೊರಡು.

ಬ್ಯಾಗು ಹೆಗಲಿಗೇರಿಸಿ ಹೊರಟ. ಗೇಟು ತೆರೆದಿತ್ತು. ಹೊರಗೆ ಆಟೋ ಕಾಯುತ್ತಿತ್ತು. ಕಾಲೆತ್ತಿದ. ಕಾಲು ಏಳಲಿಲ್ಲ. ಕೈಯಿಂದ ತೊಡೆ ಹಿಡಿದು ಎತ್ತಿದ. ಮಂಡಿ ಮಡಚಿಕೊಂಡಿತು. ಅದೇ ವಾಸನೆ. ಬೂದಿ, ನಿಂಬೆ, ಕೂದಲು. ತೆವಳಿದ. ಎದೆ ನೆಲಕ್ಕೆ ಅಂಟಿತು. ನಾಲಿಗೆ ಭಾರವಾಯಿತು. ಉಸಿರು ಬರಲಿಲ್ಲ. ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ತನ್ನ ಕೋಣೆಯ ಬಾಗಿಲಲ್ಲಿದ್ದ. ಮತ್ತೆ ಓಡಿದ. ಮತ್ತೆ ಅಲ್ಲೇ. ಆಟೋದವನು ಗೊಣಗಿಕೊಂಡು ಹೊರಟುಹೋದ.

ತಗಡನ್ನು ಮೂತಿಯೊಳಗಿಟ್ಟು, ಅಂಟು ಹಾಕಿ ಮುಚ್ಚಿ, ರಾತ್ರಿಯೇ ಮನೆಗೆ ಮರಳಿದ್ದ ದೀಪಕ್‌ನ ಮುಂದೆ ಹಿಡಿದ.

"ಅಣ್ಣಾ, ನೀವು ಬಿಚ್ರಿ. ಅವ್ವನ್ನ ನೋಡ್ಕೊಂಡು ಬಂದು ಮತ್ತ ನಾನೇ ಬಿಚ್ತೀನಿ. ಆಣೆ ಮಾಡ್ತೀನಿ."

ದೀಪಕ್ ವಿಮಾನ ತೆಗೆದುಕೊಂಡ. ಬಹಳ ಹೊತ್ತು ಹಿಡಿದಿದ್ದ. ಆಮೇಲೆ ಅದನ್ನು ಜಗುಲಿಯ ಮೇಲಿಟ್ಟು ಮುಖ ತಿರುಗಿಸಿದ.

"ಮತ್ತೆ ಒಳಗೆ ಸಿಕ್ಕಿಕೊಳ್ಳೋದು ನನ್ನ ಕೈಲಾಗಲ್ಲ ಬಸವಂತ್. ಬೇಕಾದ್ರೆ... ನಿಮ್ಮಮ್ಮನ ಹತ್ರ ನಾನು ಹೋಗ್ತೀನಿ."

ಬಸವಂತ ಅವನನ್ನು ಬಾಯಿಗೆ ಬಂದಂತೆ ಬೈದ. ಬೈದು ಸುಸ್ತಾದ ಮೇಲೆ ಊರಿನ ದಾರಿ ಹೇಳಿದ. ಬೇರೇನು ಮಾಡಿಯಾನು?

ದೀಪಕ್ ಊರು ಮುಟ್ಟಿ ಫೋನು ಮಾಡಿದಾಗ ಸಂಜೆ ಇಳಿದಿತ್ತು. ಬಸವಂತ ಗೇಟಿಗೆ ಹಣೆ ಆನಿಸಿ ನಿಂತಿದ್ದ. ಅತ್ತ, ಫೋನನ್ನು ಮುದುಕಿಯ ಕಿವಿಗೆ ಹಿಡಿದು, ದೀಪಕ್ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಿರಬೇಕು. ಕುರುಡು ಮುದುಕಿ ನಿಟ್ಟುಸಿರು ಬಿಟ್ಟಿದ್ದು ಇಲ್ಲಿಗೆ ಕೇಳಿಸಿತು.

"ಬಂದೀಯೇನಪಾ?"

"ಹೂಂ ಯವ್ವಾ. ಬಂದೀನಿ. ನಿನ್ನ ಬಾಜೂಕ ಕುಂತೀನಿ."

"ಇನ್ನ ನನ್ನ ಬಿಟ್ಟು ಎಲ್ಲೂ ಹೋಗಬ್ಯಾಡ."

ಬಸವಂತ ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಫೋನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿತ್ತು.

"ಎಲ್ಲೂ ಹೋಗೂದಿಲ್ಲ ಯವ್ವಾ," ಎಂದ.

ಅತ್ತ ಉಸಿರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ, ಆ ಮನೆಯಲ್ಲಿ, ದೀಪಕ್ ಮಗನ ಹಾಗೆ ಅಳತೊಡಗಿದ.