ಔಟಾದವರ ಸಾಲು

ಕಲ್ಲು ಕಿಟಕಿ ಒಡೆದು ನನ್ನ ತೊಡೆಯ ಮೇಲೆ ಬಿತ್ತು.

"ಮ್ಯಾಚ್ ಮಾರ್ಕೊಂಡ ನನ್ ಮಕ್ಕಳು! ಇಳಸ್ರೋ ಅವರ್ನ!"

ಬಸವಕಲ್ಯಾಣದ ಮೈದಾನದ ಗೇಟು. ವ್ಯಾನಿನ ಸುತ್ತ ರೊಚ್ಚಿಗೆದ್ದ ಜನ. ಒಳಗೆ ಅವರದೇ ಊರಿನ ಕಬಡ್ಡಿ ಲೀಗ್ ತಂಡ, ಕಲ್ಯಾಣ ಟೈಗರ್ಸ್. ಜೊತೆಗೆ ನಾನು... ಅನೀಲಕುಮಾರ. ಮ್ಯಾಚ್ ಮಾರಿಕೊಂಡ ಸುದ್ದಿ ಹಬ್ಬಿಸಿದವನೂ ನಾನೇ. ವಾಟ್ಸಾಪಿನಲ್ಲಿ ಒಂದೇ ಒಂದು ವಾಯ್ಸ್ ಮೆಸೇಜು. ಅದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಬೇರೆ ಗಾಡಿಯಲ್ಲಿ ಬರುತ್ತಿದ್ದೆ!

ನಗಬೇಡಿ. ವಿಷಯ ಕೇಳಿ.

ಹುಮನಾಬಾದಿನ ಕ್ಯಾಂಪಿನಲ್ಲಿ ಆಟಗಾರ ಅಜೀತನ ಮೊಣಕಾಲು ಮುರಿಯಿತು. ತಂಡದ ಮಾಲೀಕ ಧನರಾಜ ಅವನನ್ನು ಶೇರ್ ಆಟೋದಲ್ಲಿ ಹಾಕಿ ಅವನ ಊರು ಮುಡಬಿಗೆ ಸಾಗಹಾಕಿದ. ತಡವಾದರೆ ಕಾಲು ಹೋಗುತ್ತದೆ ಎಂದರು ಅಲ್ಲಿನ ಡಾಕ್ಟರು. ಅವನಿಗೆ ಆಪರೇಷನ್ ಮಾಡಿಸುವವರೆಗೆ ಆಡುವುದಿಲ್ಲ ಎಂದು ಉಳಿದವರು ಪಟ್ಟು ಹಿಡಿದರು.

ಧನರಾಜ ಡಾಕ್ಟರನ್ನು ಕರೆಯಲಿಲ್ಲ. ನನ್ನನ್ನು ಕರೆದ. ಜನರನ್ನು ಎಬ್ಬಿಸಿ, ಹುಡುಗರನ್ನು ಹೆದರಿಸಿ ಆಡಿಸುವುದು ನನ್ನ ಕೆಲಸ.

ಡ್ರೈವರ್ ಶಾಹಿದ್ ರಿವರ್ಸ್ ಹೊಡೆದ. ಎರಡು ಬೈಕು ಬೆನ್ನಟ್ಟಿದವು... ಕಬ್ಬಿನ ಹಾಲಿನ ಗಾಡಿಯೊಂದನ್ನು ಸವರಿಕೊಂಡು ಹಿಂದಿನ ಗೇಟಿನಲ್ಲಿ ನುಗ್ಗಿಸಿದ. ನಾನು ಕ್ಯಾಪ್ಟನ್ ಸಮ್ಯಕನ ಕಾಲರ್ ಹಿಡಿದೆ.

"ಆಡ್ತೀಯೋ ಇಲ್ಲೋ? ಇಲ್ಲಂದ್ರ ಮಂದಿ ಚರ್ಮ ಸುಲೀತಾರ!"

"ಆಡ್ತೇವ್ರಿ ಅಣ್ಣಾ."

"ಖರೇ?"

"ಖರೇನ್ರಿ. ರೂಲ್ ಪ್ರಕಾರ ಆಡ್ತೇವಿ."

ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಮ್ಯಾಟಿನ ಪಕ್ಕ ಔಟಾದವರು ಕೂರುವ ಜಾಗವಿದೆಯಲ್ಲ... ಅಲ್ಲಿ ಅಜೀತ ಆಗಲೇ ಕೂತಿದ್ದ! ಕಾಲಿಗೆ ಹಲಗೆ ಕಟ್ಟಿತ್ತು. ಹಿಂದೆ ತಾಯಿ ದ್ರೌಪತಿ.

ಸಮ್ಯಕ ಮೊದಲ ರೈಡಿಗೆ ಹೋದ. "ಕಬಡ್ಡಿ... ಕಬಡ್ಡಿ..." ಎನ್ನುತ್ತಾ ಎದುರಾಳಿಗಳ ನಡುವೆ ನಿಂತ. ಬಾಯಿ ಮುಚ್ಚಿದ. ದಮ್ಮು ಬಿಟ್ಟರೆ ಔಟ್. ಸೀಟಿ! ಹೋಗಿ ಅಜೀತನ ಪಕ್ಕ ಕುಳಿತ.

ಎದುರಿನವರು ರೈಡಿಗೆ ಬಂದರೆ ಇವರು ತಾವೇ ಕೈ ಚಾಚಿ ಮುಟ್ಟಿಸಿಕೊಂಡರು. ಸೀಟಿ! ಮತ್ತೊಬ್ಬ ಹೋಗಿ ಕುಳಿತ. ಎಲ್ಲ ರೂಲ್ ಪ್ರಕಾರವೇ. ಕೊನೆಯವನೂ ಆ ಸಾಲು ಸೇರಿದ.

"ಇದೇನ್ ನಾಟಕನೋ?" ಯಾರೋ ಕೂಗಿದರು.

ದ್ರೌಪತಿ ಎದ್ದು ನಿಂತಳು.

"ನಾಟಕ ಅಲ್ಲರಿ. ನನ್ನ ಮಗನ ಕಾಲ ಮುರದದ. ಸಾವ್ಕಾರ ದವಾಖಾನಿಗಿ ಒಯ್ಲಿಲ್ಲ, ಆಟೋದಾಗ ಹಾಕಿ ಮನಿಗಿ ಕಳಸ್ಯಾನ. ಈ ಹುಡುಗೂರು ಅವನ ಸಲುವಾಗಿ ಕುಂತಾರ."

ಜನ ವೇದಿಕೆಯ ಕಡೆ ತಿರುಗಿದರು. ಅಲ್ಲಿ ಕೂತಿದ್ದ ಧನರಾಜ ಕೊರಳಲ್ಲಿದ್ದ ಹಾರ ತೆಗೆದಿಟ್ಟ. ನನ್ನ ಫೋನು ಬಡಿದುಕೊಂಡಿತು.

"ಅನೀಲ್! ಆಪರೇಷನ್ ನಾನೇ ಮಾಡಸ್ತೀನಂತ ಮೆಸೇಜ್ ಬಿಡು! ಲಗೂ!"

ಬಿಟ್ಟೆ. ಕ್ಷಣದಲ್ಲಿ ಸುತ್ತಲಿನ ಫೋನುಗಳಲ್ಲೆಲ್ಲಾ ನನ್ನದೇ ದನಿ... ಪಕ್ಕದಲ್ಲಿದ್ದ ಪೈಲವಾನನಂಥ ಆಸಾಮಿ ನನ್ನನ್ನು ದಿಟ್ಟಿಸಿದ.

"ಅರೇ! ಮ್ಯಾಚ್ ಮಾರ್ಕೊಂಡಾರಂತ ಹೇಳಿದ್ದೂ ಇದ ದನಿ!"

ಆಪರೇಷನ್ನಿನ ಮಾತನ್ನು ಒಬ್ಬರೂ ನಂಬಲಿಲ್ಲ. ಅಜೀತನನ್ನು ಧನರಾಜನ ಎಸಿ ಕಾರಿನಲ್ಲೇ ಮಲಗಿಸಿದರು. ಧನರಾಜನನ್ನೂ ಮುಂದಿನ ಸೀಟಿಗೆ ತುರುಕಿದರು. ಬೈಕುಗಳ ಕಾವಲಿನಲ್ಲಿ ಕಾರು ಬೀದರಿನ ಆಸ್ಪತ್ರೆಗೆ ಹೊರಟಿತು. ಹುಡುಗನ ಕಾಲು ಉಳಿಯಿತು.

ನನ್ನನ್ನು ಕಳಿಸಿದ್ದು ಶೇರ್ ಆಟೋದಲ್ಲಿ. ಮುಂದಿನ ಎರಡು ಹಲ್ಲು ಜೇಬಿನಲ್ಲಿದ್ದವು!