ಪರದೆಯ ಹಿಂದಿನ ಉಸಿರು

1966ನೆಯ ಇಸವಿ ಡಿಸೆಂಬರ್ 17, ಶನಿವಾರ. ಹಾಸನದ ಪ್ಲಾಂಟರುಗಳ ಕ್ಲಬ್ಬಿನ ವೇದಿಕೆಯಲ್ಲಿ ಮೂರು ಟ್ರಂಪೆಟ್‌ಗಳಿದ್ದವು. ಸಭಿಕರಿಗೆ ಕಾಣುತ್ತಿದ್ದವು ಎರಡು. ಆ ಎರಡರಲ್ಲಿ ನುಡಿಯುತ್ತಿದ್ದುದು ಒಂದೇ.

ಮುಂದೆ ಗಿಟಾರು ಹಿಡಿದು ಹಾಡುತ್ತಿದ್ದವನು ಬೆಂಗಳೂರಿನ ದಂಡು ಪ್ರದೇಶದ ಹೆಸರುವಾಸಿ ರಾಕ್ ಗಾಯಕ ಲೆಸ್ಲಿ. ಅವನು ಈ ಸೀಮೆಗೆ ಬಂದಾಗಲೆಲ್ಲ ಹಿಂದೆ ನಿಂತು ಊದುವುದು ದ್ಯಾವಯ್ಯನ ಮೇಳದ ಕೆಲಸ. ಎದೆ ಕೆಟ್ಟ ದ್ಯಾವಯ್ಯ ಎರಡು ವರ್ಷದಿಂದ ಟ್ರಂಪೆಟ್ಟನ್ನು ಬರಿದೇ ತುಟಿಗಿಟ್ಟು ನಿಲ್ಲುತ್ತಿದ್ದ. ಅವನ ಪಾಲಿನ ಸ್ವರ ಪರದೆಯ ಹಿಂದಿನಿಂದ ಬರುತ್ತಿತ್ತು.

ಅಂದೇ ಮೇಳ ಸೇರಿದ್ದ ಹೊಳೆನರಸೀಪುರದ ಮಂಚಯ್ಯನಿಗೆ ಇದು ತಿಳಿದಿರಲಿಲ್ಲ. ಹಾಡು ಮುಗಿದು ಸಭಿಕರು ಚದುರಿದೊಡನೆ ಪರದೆ ಸರಿಸಿದ.

ಒಬ್ಬ ಹುಡುಗಿ!

ಟ್ರಂಪೆಟ್ಟನ್ನು ಎದೆಗವಚಿಕೊಂಡು ನಿಂತಿದ್ದಳು. ದ್ಯಾವಯ್ಯನ ಮಗಳು ಬೆಟ್ಟಮ್ಮ.

"ಪರದೆ ಬುಡಿ! ಅಪ್ಪಯ್ಯನ ಮಾನ ಕಳೀತೀರಾ?"

"ನಾನು ಉಸಿರು ಎಳ್ಕೊಂಡಾಗ ಸ್ವರ ಬೀಳ್ಲೇ ಇಲ್ಲ... ಹಿಡ್ದಿದ್ದು ನೀನೇಯಾ?"

"ಹಿಡೀದೆ ಏನು ಮಾಡ್ಲಿ? ನಿಮ್ಮುಸಿರು ಅರ್ಧ ದಾರೀಲೇ ಕುಂತ್ಕಬುಡ್ತದೆ!"

ಮಂಚಯ್ಯ ನಕ್ಕುಬಿಟ್ಟ. ಅವಳು ನಗಲಿಲ್ಲ. ಆದರೆ ಅವನು ಹೋಗುವುದನ್ನು ಪರದೆಯ ಸಂದಿನಿಂದ ನೋಡಿದಳು. 'ಎರಡು ವರ್ಷದಲ್ಲಿ ನನ್ನ ಸ್ವರವನ್ನು ಗುರುತಿಸಿದವನು ಇವನೊಬ್ಬನೇ...'

ಊದುವವರಲ್ಲಿ ಒಂದು ಕಟ್ಟಳೆ ಉಂಟು. ದೀರ್ಘ ಸ್ವರವನ್ನು ಇಬ್ಬರು ಹಂಚಿಕೊಳ್ಳಬೇಕು. ಒಬ್ಬರು ಉಸಿರೆಳೆಯುವಾಗ ಇನ್ನೊಬ್ಬರು ಹಿಡಿದಿರಬೇಕು. ಕೇಳುವವರಿಗೆ ಸಂದು ತಿಳಿಯಬಾರದು. ಲೆಸ್ಲಿಯ ಜೊತೆ ಊರೂರು ಸುತ್ತಿ ಹೊಳೆನರಸೀಪುರದ ಕಾರ್ಯಕ್ರಮ ಮುಗಿಸುವ ಹೊತ್ತಿಗೆ ಬೆಟ್ಟಮ್ಮನಿಗೆ ಮಂಚಯ್ಯನ ಉಸಿರು ತನ್ನದರಷ್ಟೇ ಪರಿಚಿತವಾಗಿತ್ತು. ಅವನು ಹಿಡಿದಿರುತ್ತಾನೆಂಬ ನಂಬಿಕೆಯಲ್ಲಿ ಅವಳು ಕಣ್ಣು ಮುಚ್ಚಿ ಊದುತ್ತಿದ್ದಳು.

ಆ ನಂಬಿಕೆ ಮುರಿದದ್ದು ಚನ್ನರಾಯಪಟ್ಟಣದಲ್ಲಿ.

ಟೂರಿಂಗ್ ಟಾಕೀಸಿನ ಡೇರೆ ಕಿಕ್ಕಿರಿದಿತ್ತು. ಕೊನೆಯ ಹಾಡಿನ ದೀರ್ಘ ಸ್ವರದ ನಡುವೆ ಬೆಟ್ಟಮ್ಮ ಎಂದಿನಂತೆ ಉಸಿರೆಳೆದಳು.

ಮಂಚಯ್ಯನ ಟ್ರಂಪೆಟ್ ಮೂಕವಾಗಿತ್ತು!

ಹಾಡಿನ ನಡುವೆ ಹಳ್ಳ ಬಿದ್ದಂತಾಯಿತು. ಲೆಸ್ಲಿ ಸಿಟ್ಟಿನಿಂದ ಹಿಂತಿರುಗಿ ನೋಡಿದ. ಯಾರೋ ಪರದೆ ಎಳೆದರು.

"ಎಂಗ್ಸು ಕಣ್ಲಾ ಊದ್ತಿರೋದು!"

"ದ್ಯಾವಣ್ಣೋ, ನೀನು ಬರೀ ಬಾಯಿಗಿಕ್ಕಂಡಿದ್ಯಾ?"

ಡೇರೆಯೆಲ್ಲ ನಗೆ. ದ್ಯಾವಯ್ಯ ತಲೆ ತಗ್ಗಿಸಿದ. ಬೆಟ್ಟಮ್ಮ ಮಂಚಯ್ಯನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

"ಅಪ್ಪಯ್ಯನ ಜಾಗ ಬೇಕಿತ್ತಾ ನಿಮಗೆ? ತಗಳಿ. ನಾನಿನ್ನು ಊದಾಕಿಲ್ಲ."

ಮೂರು ದಿನ ಕಳೆದು ಮಂಚಯ್ಯ ಹಾಸನದ ಪೆನ್ಷನ್ ಮೊಹಲ್ಲಾದ ಅವರ ಮನೆಯ ಬಾಗಿಲಿಗೆ ಬಂದ. ಬೆಟ್ಟಮ್ಮ ಕದ ಹಾಕಲು ಹೋದಳು.

"ತಡಿ ಮಗಾ," ಎಂದ ದ್ಯಾವಯ್ಯ. "ಅದೇನು ಯೋಳ್ತಾನೋ ಯೋಳ್ಲಿ."

ಮಂಚಯ್ಯ ಹೊಸಿಲು ದಾಟಲಿಲ್ಲ. "ನೀನು ಊದೋದು, ಜನ ನಿಮ್ಮಪ್ಪಯ್ಯಂಗೆ ಚಪ್ಪಾಳೆ ತಟ್ಟೋದು... ನಂಗೆ ತಡ್ಕಳಾಕಾಗ್ಲಿಲ್ಲ. ಒಂದ್ಸಲ ನಿನ್ನ ಸ್ವರ ಒಂದೇ ಕೇಳ್ಸಲಿ ಅಂತ ಸುಮ್ಕಾದೆ. ನೀನೂ ಉಸಿರು ಎಳ್ಕಬೇಕು ಅನ್ನೋದೇ ಮರ್ತೋಯ್ತು."

ಬೆಟ್ಟಮ್ಮನ ಎದೆಯಲ್ಲಿ ಏನೋ ಸಡಿಲಿತು. ಆದರೂ ಸ್ವರ ಗಡುಸಾಗಿಯೇ ಇತ್ತು.

"ಒಂದು ಮಾತು ಕೇಳ್ಬೌದಿತ್ತಲ್ಲ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಬ್ಯಾಡ ಅನ್ನೋದು ನನ್ನ ಮಾತಲ್ವಾ?"

"ತಪ್ಪಾಯ್ತು," ಎಂದ ಮಂಚಯ್ಯ. "ಲೆಸ್ಲಿಗೆ ಎಲ್ಲಾನೂ ಯೋಳಿವ್ನಿ. ನೀನು ಪರದೆ ಇಲ್ದೆ ನಿಲ್ಲಾದಾದ್ರೆ ಅರಕಲಗೂಡಿನ ಪ್ರೋಗ್ರಾಮಿಗೆ ಬರ್ಲಿ ಅಂದ. ನೀನು ಬರ್ದಿದ್ರೆ ನಾನೂ ಊದಾಕಿಲ್ಲ ಅಂತ ಯೋಳ್ಬುಟ್ಟು ಬಂದೆ."

ದ್ಯಾವಯ್ಯ ಕೆಮ್ಮಿ ಸಾವರಿಸಿಕೊಂಡ. "ಓಗು ಮಗಾ. ನಿನ್ನ ಚಪ್ಪಾಳೇನ ಎರಡು ವರ್ಸ ನಾನು ಉಂಡಿದ್ದು ಸಾಕು. ಈ ಸಲ ಜನದ ಮಧ್ಯ ಕುಂತ್ಕಂಡು ಕೇಳ್ತೀನಿ."

ತಂದೆಯ ಮಾತು ಕೇಳಿ ಅವಳು ಮುಖ ತಿರುಗಿಸಿಕೊಂಡಳು. ಕಣ್ಣೀರು ಬಂದದ್ದು ಆಗಲೇ.

ಅರಕಲಗೂಡಿನ ಸಂತೆ ಮೈದಾನದಲ್ಲಿ ಪರದೆ ಇರಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ಬೆಟ್ಟಮ್ಮ ಮಂಚಯ್ಯನ ಪಕ್ಕದಲ್ಲಿ ನಿಂತಳು.

"ಒಲೆ ಊದೋದು ಬುಟ್ಟು ಬಂದವ್ಳೆ ನೋಡ್ರಲಾ!" ಎಂದು ಒಬ್ಬ ಕೂಗಿದ.

ದೀರ್ಘ ಸ್ವರ ಬಂತು. ಅವಳ ಉಸಿರು ತೀರುತ್ತಾ ಬಂತು. 'ಹಿಡಿಯುತ್ತಾನೆಯೇ? ಮತ್ತೆ ಬಿಟ್ಟುಬಿಟ್ಟರೆ...?' ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಅವನನ್ನೇ ನೋಡುತ್ತಾ ತುಟಿ ತೆಗೆದಳು.

ಸ್ವರ ನಿಲ್ಲಲಿಲ್ಲ.

ಹಾಡು ಮುಗಿದಾಗ ಲೆಸ್ಲಿ ಗಿಟಾರು ಕೆಳಗಿಳಿಸಿ, "ಇವರು ಬೆಟ್ಟಮ್ಮ!" ಎಂದು ಸಾರಿದ. ಕೂಗಿದವನೂ ಸೇರಿ ಜನರೆಲ್ಲ ಚಪ್ಪಾಳೆ ತಟ್ಟಿದರು.

ಜನ ಕರಗಿದ ಮೇಲೆ ಮಂಚಯ್ಯ ಅವಳ ಬಳಿ ಬಂದ. ಸ್ವಲ್ಪ ದೂರದಲ್ಲೇ ನಿಂತ.

"ಬೆಟ್ಟಮ್ಮಾ... ನನ್ನ ಮದ್ವೆ ಆಯ್ತೀಯಾ?"

"ಚನ್ನರಾಯಪಟ್ಣದ್ದು ನಾನಿನ್ನೂ ಮನ್ನಿಸಿಲ್ಲ."

"ಗೊತ್ತು. ಆ ತಪ್ಪಿನ ಸಾಲ ಎಂದಿಗೆ ತೀರ್ತದೆ?"

"ತೀರೋದು ಬ್ಯಾಡ. ಅದು ಬಾಕಿ ಇರೋಗಂಟ ನನ್ನ ಕೇಳ್ದೆ ನೀನು ಏನೂ ಮಾಡಾಕಿಲ್ಲ."

ಮೊದಲ ಬಾರಿಗೆ 'ನೀನು' ಎಂದಿದ್ದಳು! ಮಂಚಯ್ಯ ಹತ್ತಿರ ಬಂದ.

"ಅಂಗಾದ್ರೆ ಕೇಳ್ತೀನಿ... ಕೈ ಹಿಡೀಲಾ?"

ಬೆಟ್ಟಮ್ಮ ಕೈ ಚಾಚಿದಳು. ಸಾಲ ಮಾತ್ರ ಹಾಗೆಯೇ ಉಳಿಯಿತು.