ಬರಿಗೈಯ ಮೇಲೆ ಹದ್ದು

ಕ್ಯಾಮೆರಾದ ಸೆಟ್ಟಿಂಗ್ ಕೆಡಿಸಿದ್ದು ನಾನೇ ಎಂದು ನಮ್ಮ ನಾರಿನ್ ಕಣಿವೆಯವರೆಲ್ಲ ಆಡಿಕೊಳ್ಳುತ್ತಿದ್ದಾರೆ. ಕ್ಯಾಮೆರಾ ಮುಟ್ಟಿ ನೋಡದವರೂ ನನಗೆ ಪಾಠ ಹೇಳುತ್ತಾರೆ! ನಡೆದದ್ದು ಇಷ್ಟು.

ಸಪರ್ ಅಣ್ಣ ಬೇಟೆಗೆ ಪಳಗಿಸಿದ ಹದ್ದಿನ ಬೆನ್ನಿಗೆ ನನ್ನ ಪುಟ್ಟ ಆಕ್ಷನ್ ಕ್ಯಾಮೆರಾ ಕಟ್ಟಿ, ಹಿಮದ ಗುಡ್ಡದಿಂದ ಹಾರಿಬಿಟ್ಟೆ. ಕೆಳಗೆ ಅವನೊಬ್ಬನೇ ಚರ್ಮದ ಕೈಗವಸು ತೊಟ್ಟ ಕೈ ಎತ್ತಿ ಕರೆದ. ಹದ್ದು ಬಂದು ಕೂತಿತು.

ವಿಡಿಯೊದ ಅಂಚಿನಲ್ಲಿ ಇನ್ನೊಬ್ಬ ನಿಂತಿದ್ದ, ಬರಿಗೈ ಚಾಚಿಕೊಂಡು.

"ನೋಟ ಅಷ್ಟು ಅಗಲ ಇಟ್ಟಿದ್ದೀಯಲ್ಲ ತಂಗಿ, ನಾನೇ ಎರಡಾಗಿ ಕಾಣ್ತಿದ್ದೀನಿ," ಎಂದು ಅಣ್ಣ ನಕ್ಕ.

"ಅಗಲ ಇಟ್ರೆ ಅಂಚು ಡೊಂಕಾಗುತ್ತೆ, ಆಳು ಹುಟ್ಟಲ್ಲ!" ಎಂದು ರೇಗಿದೆ.

ನೋಟ ಕಿರಿದು ಮಾಡಿ ಮತ್ತೆ ಹಾರಿಸಿದೆ. ಅಂಚಿನವನು ಚೌಕಟ್ಟಿನಿಂದ ಹೊರಬೀಳಬೇಕಿತ್ತು. ಆದರೆ ಅಣ್ಣನ ಪಕ್ಕಕ್ಕೇ ಬಂದಿದ್ದ. ಹಿಮದ ಬೆಳಕು ಹೆಚ್ಚಾಯಿತೇನೋ ಎಂದು ಎಕ್ಸ್‌ಪೋಶರ್ ಇಳಿಸಿ ಇನ್ನೊಮ್ಮೆ ಹಾರಿಸಿದೆ. ಹಿಮ ಬೂದಿಬಣ್ಣಕ್ಕೆ ತಿರುಗಿತು, ಅಣ್ಣ ಕಪ್ಪಾದ. ಆ ಇನ್ನೊಬ್ಬ ಮಾತ್ರ ಮೊದಲಿನಷ್ಟೇ ಬೆಳ್ಳಗಿದ್ದ. ಈ ಸಲ ವಿಡಿಯೊದಲ್ಲಿ ಹದ್ದು ಇಳಿದದ್ದು ಆ ಬರಿಗೈಯ ಮೇಲೆ.

"ಸುಳ್ಳು! ಅದರ ಭಾರ ನನ್ನ ಕೈಮೇಲಿತ್ತು ಕಣೇ. ನಿನ್ನ ಡಬ್ಬಿನೇ ಸರಿಯಿಲ್ಲ," ಎಂದು ಅಣ್ಣ ಕೂಗಾಡಿದ. ಊರಿಗೂ ಅದನ್ನೇ ಸಾರಿದ.

ಆಗಲಿ, ತಪ್ಪು ನನ್ನದೇ ಅನ್ನೋಣ. ಅಂದು ಬೇಟೆ ಸಿಕ್ಕಿರಲಿಲ್ಲ. ಹಸಿವು ಕೆಡಬಾರದೆಂದು ನಾವು ಹದ್ದಿಗೆ ಕೊಡುವುದು ನೀರಲ್ಲಿ ನೆನೆಸಿ ರಕ್ತ ಹಿಂಡಿದ ಬಿಳಿ ಮಾಂಸ. ಅಂದು ಅದು ತಿಂದದ್ದೂ ಅದನ್ನಷ್ಟೇ. ಆದರೂ ಕ್ಯಾಮೆರಾ ಬಿಚ್ಚುವಾಗ ಹದ್ದಿನ ಉಗುರುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಆ ಚಳಿಯಲ್ಲೂ ಬಿಸಿಯಾಗಿತ್ತು. ಅಣ್ಣನ ಕೈಗವಸಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಇದು ಯಾವ ಸೆಟ್ಟಿಂಗ್ ಎಂದು ಒಬ್ಬರಾದರೂ ಹೇಳಲಿ.